ವರ್ಷನ್ ನಂಬರ್ ಯಾವುದಕ್ಕೆ ಕೊಡಬೇಕು?

ಆರು ತಿಂಗಳ ಹಿಂದೆ ಕೊಟ್ಟ ಪ್ರೋಗ್ರಾಂ ಕೈಕೊಡುತ್ತಿದೆ ಅಂತ ಗ್ರಾಹಕರು ದೂರುತ್ತಾರೆ. ಅವತ್ತು ಕೊಟ್ಟಿದ್ದು ಯಾವ್ಯಾವ ಫೈಲು? ಅದನ್ನು ಇದ್ದ ಹಾಗೇ ಮತ್ತೆ ಜೋಡಿಸಲು ಬರಬೇಕು. ವರ್ಷನ್ ಲೆಕ್ಕ ಇಡುವುದೇ ಅದಕ್ಕೆ.

ಮೊದಲು, ನಂಬರ್ ಯಾವುದಕ್ಕೆ ಅಂತ ತೀರ್ಮಾನಿಸಿ. ವರ್ಷನ್ ಲೆಕ್ಕ ಇಡಲು ಬಂದ 1980ರ ದಶಕದ ಟೂಲ್ ಆರ್‌ಸಿಎಸ್ ಒಂದೊಂದು ಫೈಲಿಗೂ ಬೇರೆ ನಂಬರ್ ಕೊಡುತ್ತದೆ: 1.1, 1.2, 1.3. ಲಾಗಿನ್ ಫೈಲು 1.7ರಲ್ಲಿದ್ದರೆ ಮೆನು ಫೈಲು 1.3ರಲ್ಲೇ ಇರಬಹುದು. ಯಾವ 1.7ಕ್ಕೆ ಯಾವ 1.3 ಜೋಡಿ ಅನ್ನೋದು ನಂಬರ್ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಬಿಡುಗಡೆಯ ದಿನ ಎಲ್ಲ ಫೈಲಿಗೂ ಒಂದೇ ಹೆಸರಿನ ಟ್ಯಾಗ್ (ಗುರುತಿನ ಚೀಟಿ) ಹಾಕಬೇಕು. ಒಂದು ಬಿಟ್ಟುಹೋದರೂ ಲೆಕ್ಕ ತಪ್ಪಿತು.

ಸಬ್‌ವರ್ಷನ್ ಎಂಬ ಟೂಲಿನಲ್ಲಿ ಈ ರಗಳೆ ಇಲ್ಲ. ನಂಬರ್ ಇಡೀ ರೆಪಾಸಿಟರಿಗೆ, ಅಂದರೆ ಎಲ್ಲ ಫೈಲೂ ಅವುಗಳ ಇತಿಹಾಸವೂ ಇರುವ ಉಗ್ರಾಣಕ್ಕೆ. ಒಂದೇ ಸಾಲು ತಿದ್ದಿ ಕಮಿಟ್ ಮಾಡಿದರೂ (ಬದಲಾವಣೆ ದಾಖಲಿಸಿದರೂ) ರೆಪಾಸಿಟರಿ 41ರಿಂದ 42ಕ್ಕೆ ಹೋಗುತ್ತದೆ. 2005ರಲ್ಲಿ ಬಂದ ಗಿಟ್ ಕೂಡ ಪ್ರತಿ ಕಮಿಟ್‌ನಲ್ಲಿ ಇಡೀ ಪ್ರಾಜೆಕ್ಟಿನ ಸ್ಥಿತಿಯನ್ನು ಹಿಡಿದಿಡುತ್ತದೆ. ನಂಬರ್ ಬದಲು ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿ ಬರುವ ಅಕ್ಷರ-ಅಂಕಿಗಳ ಗುರುತು), ಅಷ್ಟೇ. ಡಾರ್ಕ್ಸ್ ಎಂಬ ಇನ್ನೊಂದು ಟೂಲಿನ ದಾರಿಯೇ ಬೇರೆ. ಅಲ್ಲಿ ಮುಖ್ಯ ಆಗುವುದು ತಿದ್ದುಪಡಿ: ಇದನ್ನು ಸೇರಿಸು, ಅದನ್ನು ಬಿಡು ಅಂತ ಆರಿಸಿಕೊಳ್ಳಬಹುದು. ಕೇಳಲು ಚೆಂದ. ಆದರೆ ಯಾರೂ ಓಡಿಸಿ ನೋಡದ ಜೋಡಣೆಯೂ ಹೀಗೇ ಹುಟ್ಟುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಇಡೀ ಪ್ರಾಜೆಕ್ಟನ್ನು ಒಂದಾಗಿ ನೋಡುವ ಮಾದರಿಯೇ ವಾಸಿ.

ಎರಡನೆಯದು, ಜಾಸ್ತಿ ಜನ ಎಡವುವ ಜಾಗ. ಹಳೆಯದರ ಜಾಗಕ್ಕೆ ಬರುವ ಹೊಸದು ರಿವಿಷನ್. ಜೊತೆಜೊತೆಗೇ ಬಾಳುವ ವಿಂಡೋಸ್ ರೂಪ, ಲಿನಕ್ಸ್ ರೂಪ ಇವು ವೇರಿಯಂಟ್. ವೇರಿಯಂಟ್‌ಗೊಂದು ಕಾಯಂ ಬ್ರಾಂಚ್ (ಬೇರೆಯಾಗಿ ಬೆಳೆಯುವ ಕವಲು) ಮಾಡಲು ಹೋಗಬೇಡಿ. ದಿನಾಂಕ ತೋರಿಸುವಲ್ಲಿ ಒಂದು ಬಗ್ ಸಿಕ್ಕಿತು ಅನ್ನಿ. ವಿಂಡೋಸ್ ಬ್ರಾಂಚಿನಲ್ಲಿ ಸರಿಮಾಡುತ್ತೀರಿ, ಲಿನಕ್ಸ್ ಬ್ರಾಂಚಿನಲ್ಲಿ ಅದು ಹಾಗೇ ಉಳಿಯುತ್ತದೆ. ಕ್ರಮೇಣ ಎರಡೂ ಎಷ್ಟು ದೂರ ಸರಿಯುತ್ತವೆ ಅಂದರೆ, ಮರ್ಜ್ ಮಾಡಲು (ಬೆಸೆಯಲು) ಯಾರಿಗೂ ಧೈರ್ಯ ಬರುವುದಿಲ್ಲ. ವ್ಯತ್ಯಾಸ ಇರುವ ತುಂಡನ್ನು ಮಾತ್ರ ಬೇರೆ ಫೈಲಿಗೆ ಹಾಕಿ, ಬಿಲ್ಡ್ ಮಾಡುವಾಗ (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುವಾಗ) ಬೇಕಾದ್ದನ್ನು ಆರಿಸಿಕೊಳ್ಳಿ. ಬಿಡುಗಡೆಯಾದ ಹಳೆ ವರ್ಷನ್ನಿಗೆ ರಿಪೇರಿ ಮಾಡಲು ಬ್ರಾಂಚ್ ಬೇಕೇ ಬೇಕು, ಆ ಮಾತು ಬೇರೆ.

ಒಬ್ಬರು ತಿದ್ದುವಾಗ ಇನ್ನೊಬ್ಬರು ತಿದ್ದದಂತೆ ತಡೆಯುವ ಲಾಕ್ ಬೇಕಾ, ಮರ್ಜ್ ಸಾಕಾ? ಕೋಡಿಗೆ ಮರ್ಜ್ ಸಾಕು. ಚಿತ್ರ, ಆಡಿಯೊದಂಥ ಫೈಲುಗಳಿಗೆ ಲಾಕ್ ಇರಲಿ, ಇಬ್ಬರು ತಿದ್ದಿದ್ದನ್ನು ಅಲ್ಲಿ ಬೆಸೆಯುವುದು ಕಷ್ಟ.

ಕಂಪೈಲರ್ (ಕೋಡನ್ನು ಪ್ರೋಗ್ರಾಂ ಆಗಿಸುವ ಸಾಧನ) ಮತ್ತು ಲೈಬ್ರರಿಗಳ (ಬೇರೆಯವರ ಸಿದ್ಧ ಕೋಡು) ವರ್ಷನ್ನನ್ನೂ ಒಂದು ಫೈಲಿನಲ್ಲಿ ಬರೆದು ಕಮಿಟ್ ಮಾಡಿ. ಕೋಡ್ ಅದೇ ಇದ್ದು ಲೈಬ್ರರಿ ಬದಲಾದರೂ ಪ್ರೋಗ್ರಾಂ ಬೇರೆಯೇ, ಅಲ್ವಾ?

ಈಗ ಪರೀಕ್ಷೆ. ಇದುವರೆಗೆ ಈ ಪ್ರಾಜೆಕ್ಟನ್ನು ಮುಟ್ಟದ ಮಷೀನಿನಲ್ಲಿ ಖಾಲಿ ಫೋಲ್ಡರ್ ತೆರೆಯಿರಿ. ಹಳೆಯ ಟ್ಯಾಗ್ ಒಂದನ್ನು ಇಳಿಸಿಕೊಂಡು ಬಿಲ್ಡ್ ಮಾಡಿ. ಆಗದಿದ್ದರೆ ಯಾರದೋ ಮಷೀನಿನಲ್ಲಷ್ಟೇ ಇರುವ ಸೆಟ್ಟಿಂಗ್ಸ್ ಫೈಲನ್ನು ಮೊದಲು ಹುಡುಕಿ.