ಕಂದು ಪಾಚಿಗೆ ಹೆದರಿ ತೊಟ್ಟಿ ಬರಿದು ಮಾಡಬೇಡಿ

ಅಕ್ವೇರಿಯಂ ಮನೆಗೆ ಬಂದು ಮೂರು ವಾರವಾಗಿರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಗಾಜು, ಕಲ್ಲು, ಗಿಡದ ಎಲೆ ಎಲ್ಲದರ ಮೇಲೂ ಡಿಕಾಕ್ಷನ್ ಚೆಲ್ಲಿ ಒಣಗಿದಂಥ ಕಂದು ಪದರ. ಆ ಭಾನುವಾರವೇ ಮೀನುಗಳು ಬಕೆಟ್ಟಿಗೆ, ತೊಟ್ಟಿ ಟೆರೇಸಿಗೆ, ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಾಟ! ನಮ್ಮ ಪಕ್ಕದ ಮನೆಯಲ್ಲಿ ಹೀಗೆ ಮಾಡಿ ಆರು ಗಪ್ಪಿಗಳಲ್ಲಿ ನಾಲ್ಕು ಮೂರನೇ ದಿನ ತೇಲಿದವು. ಪಾಚಿ ಮಾತ್ರ ಎರಡೇ ವಾರದಲ್ಲಿ ಮರಳಿತು.

ಮೊದಲು ಬೆರಳಿನಿಂದ ಒರೆಸಿ ನೋಡಿ. ಧೂಳಿನಂತೆ ಸುಲಭವಾಗಿ ಬಿಟ್ಟರೆ ಅದು ಡಯಾಟಮ್ ಎಂಬ ಏಕಕೋಶದ ಪಾಚಿ. ಕಪ್ಪು ಕೂದಲಿನಂತೆ ಅಂಟಿಕೊಂಡದ್ದು, ಹಾಳೆಯಂತೆ ಏಳುವ ನಾರುವ ಲೋಳೆ ಬೇರೆ ಜಾತಿಯವು, ಅವಕ್ಕೆ ಇಲ್ಲಿ ಹೇಳುವ ಮದ್ದು ಸಾಲದು. ಡಯಾಟಮ್ ತನ್ನ ಗೋಡೆ ಕಟ್ಟಿಕೊಳ್ಳುವುದು ಸಿಲಿಕಾದಿಂದ, ಅಂದರೆ ಮರಳು, ಗಾಜಿನಲ್ಲಿರುವ ವಸ್ತುವಿನಿಂದ. ಬಂಡೆಗಲ್ಲಿನ ಸೀಮೆಯ ಕೊಳವೆಬಾವಿ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ. ಮಂದ ಬೆಳಕೂ ಡಯಾಟಮ್‌ಗೆ ಸಾಕು. ಲೈಟ್ ಆರಿಸಿ ಕಾಯುತ್ತ ಕೂರುವುದು ದಂಡ.

ಫಿಲ್ಟರ್, ಹೀಟರ್ ಪ್ಲಗ್ ತೆಗೆಯಿರಿ. ಸೋಪು ಸೋಕದ ಹೊಸ ಸ್ಪಂಜಿನಿಂದ ಗಾಜನ್ನು ನಿಧಾನವಾಗಿ ಒರೆಸಿ, ಪ್ರತಿ ಸಲವೂ ಸ್ಪಂಜನ್ನು ಮಗ್ಗಿನ ನೀರಿನಲ್ಲಿ ಹಿಂಡಿ. ತಳದ ಕಲ್ಲಿಗಿಂತ ಎರಡು ಬೆರಳು ಮೇಲೆಯೇ ಕೈ ನಿಲ್ಲಿಸಿ. ಸ್ಪಂಜಿನಡಿ ಒಂದು ಮರಳಿನ ಕಣ ಸಿಕ್ಕಿದರೂ ಗಾಜಿಗೆ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. ಕೆಳಗೆ ಬಿಟ್ಟ ಆ ಎರಡು ಬೆರಳಿನ ಪಟ್ಟಿಯನ್ನು ಕೆರೆಯಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು.

ಎದ್ದ ಕಂದು ಧೂಳು ಕೆಳಗೆ ಕೂರುವ ಮೊದಲೇ ಪೈಪ್ ಹಾಕಿ ಕಾಲು ಭಾಗ ನೀರು ಎಳೆದುಬಿಡಿ. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಸುವುದು ಸುಮಾರು 56 ಲೀಟರ್. ಕಾಲು ಭಾಗವೆಂದರೆ ಒಂದು ಬಕೆಟ್. ಈ ನೀರನ್ನು ಚೆಲ್ಲಬೇಡಿ.

ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲಿಯೇ ಎಂಬುದು ನನ್ನ ಲೆಕ್ಕ. ಫಿಲ್ಟರಿನ ಸ್ಪಂಜು ಕೊಳೆಯಾಗಿ ಕಾಣುತ್ತದೆ, ಕೈ ನೇರ ನಲ್ಲಿಗೆ ಹೋಗುತ್ತದೆ. ಆದರೆ ಆ ಕೊಳೆಯಲ್ಲಿಯೇ ಮೀನಿನ ಹೊಲಸಿನ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ತಿಂಗಳು, ಒಂದೂವರೆ ತಿಂಗಳು ಬೇಕು. ಕ್ಲೋರಿನ್ ನೀರು ತಾಗಿದರೆ ಅವು ಸಾಯುತ್ತವೆ, ಹಿಂದೆಯೇ ಮೀನೂ. ಪಕ್ಕದ ಮನೆಯ ಗಪ್ಪಿಗಳಿಗೆ ಆದದ್ದು ಇದೇ ಇರಬೇಕು. ತೆಗೆದಿಟ್ಟ ಬಕೆಟ್ ನೀರಿನಲ್ಲಿಯೇ ಸ್ಪಂಜನ್ನು ಎರಡು ಸಲ ಹಿಂಡಿ, ನೀರು ಸರಾಗವಾಗಿ ಹರಿದರೆ ಸಾಕು. ಬೆಳ್ಳಗಾಗಬೇಕೆಂಬ ಹಟ ಬೇಡ. ಬಕೆಟ್ ನೀರನ್ನು ಗಿಡಗಳಿಗೆ ಹಾಕಿ.

ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ. ನಲ್ಲಿಯದಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ. ಕೊಳವೆಬಾವಿ ನೀರಿಗೆ ಅರ್ಧದಷ್ಟು ಆರ್‌ಓ ನೀರು ಕೂಡಿಸಿದರೆ ಸಿಲಿಕಾ ತಗ್ಗುತ್ತದೆ. ಬರೀ ಆರ್‌ಓ ಬೇಡ, ಅದರಲ್ಲಿ ಮೀನಿಗೆ ಬೇಕಾದ ಲವಣಗಳೇ ಇರುವುದಿಲ್ಲ. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು.

ಅಂಗಡಿಯವರು, “ಈ ಸಕ್ಕರ್ ಮೀನು ಬಿಡಿ ಸಾರ್, ಪಾಚಿಯನ್ನೆಲ್ಲ ತಿಂದುಹಾಕುತ್ತದೆ” ಎನ್ನುತ್ತಾರೆ. ಬೆರಳುದ್ದದ ಆ ಮರಿ ಮುಂದೆ ಅಡಿಗಿಂತ ಉದ್ದ ಬೆಳೆಯುತ್ತದೆ, ಪಾಚಿಗಿಂತ ಹೆಚ್ಚು ಹೊಲಸನ್ನು ತಾನೇ ಹಾಕುತ್ತದೆ. ಬೇಕಿದ್ದರೆ ನೆರೈಟ್ ಬಸವನಹುಳು ಎರಡು ತನ್ನಿ. ಪಾಚಿ ಕೊಲ್ಲುವ ಬಾಟಲಿಗಳಲ್ಲಿ ತಾಮ್ರವಿದ್ದರೆ ಆ ಹುಳುಗಳೂ ಸಾಯುತ್ತವೆ. ನಾನಂತೂ ಆ ಬಾಟಲಿಗಳನ್ನು ಮನೆಗೆ ಸೇರಿಸುವುದಿಲ್ಲ.

ವಾರಕ್ಕೊಮ್ಮೆ ಗಾಜು ಒರೆಸಿ, ಕಾಲು ಭಾಗ ನೀರು ಬದಲಿಸುತ್ತಿದ್ದರೆ ಎರಡು ತಿಂಗಳೊಳಗೆ ಕಂದು ಸರಿದು ತೆಳು ಹಸಿರು ಬರುತ್ತದೆ. ಹಿಂದಿನ ಗಾಜಿನ ಹಸಿರನ್ನು ನಾನು ಮುಟ್ಟುವುದೇ ಇಲ್ಲ. ನಮ್ಮ ಮೋಲಿ ಮೀನುಗಳು ಬೆಳಗಿನಿಂದ ಅಲ್ಲೇ ಮೂತಿ ಒತ್ತಿಕೊಂಡು ಮೇಯುತ್ತಿರುತ್ತವೆ.