ಬಿಸಿ ಆರದೆ ಡಬ್ಬಿ ಮುಚ್ಚಬೇಡಿ

ದಾವಣಗೆರೆಯ ಬೇಸಿಗೆಯನ್ನೇ ತಡೆದುಕೊಂಡವರಿಗೆ ಸಿಂಗಪುರದ ಸೆಖೆ ಯಾವ ಲೆಕ್ಕ ಎಂದು ಹೊರಡುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮದು ಒಣ ಬಿಸಿಲು. ಬೆಳಿಗ್ಗೆ ಒಗೆದು ಮಾಳಿಗೆಯ ಮೇಲೆ ಹರವಿದ ಸೀರೆ ಊಟದ ಹೊತ್ತಿಗೆ ಗರಿಗರಿಯಾಗಿರುತ್ತದೆ. ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವ ಆ ದೇಶದಲ್ಲಿ ವರ್ಷವಿಡೀ ಮಳೆ, ಗಾಳಿಯಲ್ಲೇ ನೀರು. ರಾತ್ರಿ ಹಿಂಡಿ ಹಾಕಿದ ಬಟ್ಟೆ ಬೆಳಿಗ್ಗೆಯೂ ತಣ್ಣಗೇ ಇರುತ್ತದೆ. ಅಲ್ಲಿಗೆ ದಪ್ಪ ಜೀನ್ಸ್ ಹೊತ್ತು ಏನು ಮಾಡುತ್ತೀರಿ? ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನವರು ಪಾಲಿಯೆಸ್ಟರ್ ಅಂಗಿ ತುಂಬಿಕೊಳ್ಳುವುದನ್ನು ನೋಡಲಾಗುವುದಿಲ್ಲ. ತೆಳು ಹತ್ತಿಯ ತುಂಬುತೋಳಿನ ಬಟ್ಟೆ ಇರಲಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಬಿಸಿಬಿಸಿಯಾಗಿಯೇ ಪೆಟ್ಟಿಗೆಗೆ ತುರುಕಬೇಡಿ, ಒಳಗೆ ಬೆವರಿ ಮುಗ್ಗಲು ವಾಸನೆ ಹಿಡಿಯುತ್ತದೆ.

ಇನ್ನು ಶೇಂಗಾ ಚಟ್ನಿಪುಡಿ. ಅಂಗಡಿಯಿಂದ ತಂದು ಹಾಗೇ ಒಯ್ಯುತ್ತಾರೆ, ನಾಲ್ಕು ದಿನಕ್ಕೆ ಮುದ್ದೆಯಾಯಿತು ಎಂದು ಫೋನ್ ಮಾಡುತ್ತಾರೆ. ಮುದ್ದೆಯಾಗದೆ ಇನ್ನೇನಾದೀತು? ಉಪ್ಪು ಹುರಿದಿರುವುದಿಲ್ಲ, ಹುಣಸೆಹಣ್ಣು ಹಸಿಯಾಗಿರುತ್ತದೆ.

ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಮೊಬೈಲ್ ದೂರ ಇಡಿ. ಸಿಪ್ಪೆ ಬಿರಿದು ಅಲ್ಲಲ್ಲಿ ಕಂದು ಚುಕ್ಕೆ ಮೂಡಿದಾಗ ಇಳಿಸಿ, ಉಜ್ಜಿ, ಮೊರದಲ್ಲಿ ಕೇರಿ. ಅದೇ ಬಾಣಲೆಗೆ ಕಲ್ಲುಪ್ಪು ಹಾಕಿ. ಅದು ಚಟಪಟ ಸಿಡಿಯುತ್ತದೆ, ಆ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಏಕೆಂದರೆ ಸಿಡಿಯುತ್ತಿದೆ ಎಂದರೆ ಒಳಗೆ ನೀರಿದೆ. ಹುಣಸೆಹಣ್ಣಿನ ನಾರು, ಬೀಜ ತೆಗೆದು ಚೂರು ಚೂರಾಗಿ ಕಿತ್ತು ಆ ಬಿಸಿ ಉಪ್ಪಿನಲ್ಲೇ ಹೊರಳಾಡಿಸಿ. ಆರಿದ ಮೇಲೆ ಬೆರಳಿನಲ್ಲಿ ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ಮತ್ತೆ ಬಾಣಲೆಗೆ. ಕರಿಬೇವು ಅಂಗೈಯಲ್ಲಿ ಪುಡಿಯಾಗಬೇಕು. ಬ್ಯಾಡಗಿ ಮೆಣಸಿನಕಾಯಿಯನ್ನು ಹನಿ ಎಣ್ಣೆಯಲ್ಲಿ ಗರಿಯಾಗುವಂತೆ ಹುರಿಯಿರಿ. ಪ್ರಯಾಣದ ಪುಡಿಗೆ ಬೆಳ್ಳುಳ್ಳಿ ಬೇಡವೇ ಬೇಡ, ಇಂಗು ಸಾಕು.

ಎಲ್ಲವೂ ತಣ್ಣಗಾದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಗಂಟು ಕಟ್ಟುತ್ತದೆ. ಪುಡಿಯನ್ನು ಒಗೆದ ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರವಿ. ಪೇಪರಿನ ಮೇಲೆ ಹರವುವವರಿದ್ದಾರೆ, ಆ ಮಸಿಯನ್ನು ತಿನ್ನಬೇಕೇ? ನಮ್ಮ ಅತ್ತೆ ಯಾತ್ರೆಗೆ ಬುತ್ತಿ ಕಟ್ಟುವಾಗ ಪುಡಿಯ ಮೇಲೆ ಅಂಗೈ ಇಡುತ್ತಿರಲಿಲ್ಲ, ಕೈಯ ಹಿಂಬದಿ ಇಟ್ಟು ನೋಡುತ್ತಿದ್ದರು. ಒಲೆಯ ಮುಂದೆ ದುಡಿದ ಅಂಗೈಗೆ ಸಣ್ಣ ಬಿಸಿ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಅವರು ತಲೆಯಾಡಿಸುವವರೆಗೆ ಮುಚ್ಚಳ ಮುಟ್ಟುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮಳೆಗಾಲದಲ್ಲಿ ರವೆಗೆ ಹುಳು ಬಿತ್ತೆಂದು ಗೋಳಾಡುವವರಿಗೂ ಇದೇ ಮಾತು: ತಂದ ದಿನವೇ ಹುರಿದು, ಹೀಗೇ ಆರಿಸಿ ತುಂಬಿಡಿ.

ಆರಿದ ಪುಡಿಯನ್ನು ಒಂದೇ ದೊಡ್ಡ ಡಬ್ಬಿಗೆ ಸುರಿಯಬೇಡಿ. ತೆರೆದಾಗಲೆಲ್ಲ ಅಲ್ಲಿನ ಹಸಿ ಗಾಳಿ ಒಳಗೆ ಹೋಗುತ್ತದೆ. ಒಂದೆರಡು ಊಟಕ್ಕೆ ಆಗುವಷ್ಟು ಸಣ್ಣ ಪೊಟ್ಟಣ ಮಾಡಿ, ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ. ಒದ್ದೆ ಚಮಚ ಹಾಕಿದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು.

ಪುಡಿಗೆ ಗಸಗಸೆ ಬೆರೆಸುವ ಅಭ್ಯಾಸವಿದ್ದರೆ ಈ ಸಲ ಬಿಡಿ. ಸಿಂಗಪುರದಲ್ಲಿ ಗಸಗಸೆ ಮಾದಕವಸ್ತುವಿನ ಸಾಲಿಗೆ ಸೇರುತ್ತದೆ, ಒಯ್ಯುವಂತಿಲ್ಲ. ಚನ್ನಗಿರಿ ಕಡೆಯವರು ಅಡಿಕೆಯ ಜೊತೆ ತಂಬಾಕು, ಗುಟ್ಕಾ ಕಟ್ಟಿಕೊಳ್ಳುತ್ತಾರೆ, ಅದಕ್ಕೂ ನಿಷೇಧ. ಚ್ಯೂಯಿಂಗ್ ಗಮ್ ಆಮದು 1992ರಿಂದಲೇ ನಿಂತಿದೆ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿಯ ಭಯಕ್ಕೆ ವಿಮಾನದ ಲಗೇಜಿಗೆ ಬಿಡುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮಾತ್ರೆಗಳೂ ಡಾಕ್ಟರ ಚೀಟಿಯೊಂದಿಗೆ ಅಲ್ಲೇ ಇರಲಿ. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಅವಧಿ ಇದೆಯೇ ಎಂದು ಟಿಕೆಟ್ ತೆಗೆಸುವ ಮುಂಚೆ ನೋಡಬೇಕು, ಹೊರಡುವ ಹಿಂದಿನ ರಾತ್ರಿಯಲ್ಲ. ಅಲ್ಲಿನ ಪ್ಲಗ್ಗಿಗೆ ಚಪ್ಪಟೆಯಾದ ಮೂರು ಕಡ್ಡಿಗಳು, ಅದಕ್ಕೆ ಹೊಂದುವ ಅಡಾಪ್ಟರನ್ನು ಇಲ್ಲಿಂದಲೇ ಒಯ್ಯಿರಿ.