ಬಿಳಿ ಹಸಿರು ಮನಿ ಪ್ಲಾಂಟ್ ಮನೆಯೊಳಗೆ ಬೆಳೆಸಿದ್ದು: ನನ್ನ ಅನುಭವ

ನನ್ನ ಹತ್ರ ಇರೋ ಮಾರ್ಬಲ್ ಕ್ವೀನ್ ಮನಿ ಪ್ಲಾಂಟ್‌ಗೆ ಈಗ ನಾಲ್ಕು ವರ್ಷ. ಮಾಮೂಲಿ ಹಸಿರು ಮನಿ ಪ್ಲಾಂಟ್ ಮೊದಲಿಂದ್ಲೂ ಬೆಳೆಸಿದ್ನಲ್ಲ, ಇದೂ ಅದೇ ತಾನೆ, ಬಣ್ಣ ಒಂದು ಬೇರೆ ಅಂದ್ಕೊಂಡು ಅದಕ್ಕೆ ಮಾಡಿದ್ದನ್ನೇ ಇದಕ್ಕೂ ಮಾಡ್ದೆ, ಮೊದಲನೇ ವರ್ಷವೇ ಗಿಡ ಅರ್ಧ ಹೋಯ್ತು. ಎರಡೂ ಒಂದೇ ಜಾತಿ, ಎಪಿಪ್ರೆಮ್ನಮ್ ಆರಿಯಮ್. ಆದ್ರೆ ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಹಾಗಾಗಿ ಆ ಭಾಗ ಗಿಡಕ್ಕೆ ಆಹಾರ ತಯಾರಿಸಿ ಕೊಡಲ್ಲ, ಪಕ್ಕದ ಹಸಿರು ಭಾಗ ದುಡಿದಿದ್ರಲ್ಲೇ ಬದುಕುತ್ತೆ. ಎಲೆ ಅರ್ಧ ಬಿಳಿ ಅಂದ್ರೆ ದುಡಿಯೋರು ಅರ್ಧ ಜನ ಅಂತ ಲೆಕ್ಕ. ಬೆಳಕಾಗ್ಲಿ ನೀರಾಗ್ಲಿ ಗೊಬ್ಬರ ಆಗ್ಲಿ, ಈ ಲೆಕ್ಕ ಇಟ್ಕೊಂಡೇ ಕೊಡ್ಬೇಕು ಅಂತ ನನಗೆ ಅರ್ಥ ಆಗೋಕೆ ಒಂದು ವರ್ಷ ಹಿಡೀತು.

ಮೊದಲು ಕೆಟ್ಟಿದ್ದು ನೀರಿಂದ. ಹಸಿರು ಗಿಡಕ್ಕೆ ಹಾಕೋ ದಿನವೇ ಇದಕ್ಕೂ ಹಾಕ್ತಿದ್ದೆ. ಇದು ನಿಧಾನ ಬೆಳೆಯೋ ಗಿಡ, ನೀರು ಕುಡಿಯೋದೂ ನಿಧಾನ, ಮೇಲ್ಮಣ್ಣು ಒಣಗಿದ ಹಾಗೆ ಕಂಡ್ರೂ ಒಳಗೆ ಒದ್ದೆ ಇರ್ತಿತ್ತು. ಕೆಳಗಿನ ಎಲೆ ಹಳದಿಯಾಗಿ ಉದುರಿದಾಗ ನೀರು ಸಾಲ್ತಿಲ್ಲ ಅಂತ ಇನ್ನೂ ಹಾಕ್ದೆ. ಕೊನೆಗೆ ಪಾಟ್ ಬೋರಲು ಹಾಕಿ ನೋಡಿದ್ರೆ ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದು ಎಳೆದ್ರೆ ಸಿಪ್ಪೆ ಮಾತ್ರ ಕಳಚಿ ಕೈಗೆ ಬರ್ತಿತ್ತು, ಒಳಗಿನ ದಾರದಂಥ ನಾರು ಅಲ್ಲೇ ಉಳೀತಿತ್ತು, ವಾಸನೆ ಬೇರೆ. ಕೊಳೆತಿದ್ದನ್ನೆಲ್ಲ ಕತ್ತರಿಸಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಪರ್ಲೈಟ್ (ನೀರು ಬೇಗ ಬಸಿಯೋಕೆ ಹಾಕೋ ಹಗುರ ಬಿಳಿ ಹರಳು) ಧಾರಾಳವಾಗಿ ಸೇರಿಸಿ, ಮೊದಲಿಗಿಂತ ಚಿಕ್ಕ ಪಾಟ್‌ಗೆ ಹಾಕ್ದೆ. ಆಮೇಲಿಂದ ದಿನ ಎಣಿಸೋದು ಬಿಟ್ಟಿದ್ದೀನಿ. ಬೆರಳು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡ್ತೀನಿ, ತಣ್ಣಗೆ ಅನ್ನಿಸಿದ್ರೆ ನೀರು ಹಾಕಲ್ಲ. ಪಾಟ್ ಎತ್ತಿ ನೋಡೋದು ಇನ್ನೂ ಒಳ್ಳೇದು, ಒಣಗಿದ ಪಾಟ್‌ನ ಹಗುರ ಕೈಗೇ ಗೊತ್ತಾಗುತ್ತೆ. ಹಾಕಿದಾಗ ಮಾತ್ರ ತಳದ ತೂತಿಂದ ಹರಿಯೋವರೆಗೆ ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ತೀನಿ.

ಬೆಳಕಿನ ವಿಷಯಕ್ಕೆ ಬಂದ್ರೆ, ದುಡಿಯೋ ಭಾಗ ಕಡಿಮೆ ಇರೋದ್ರಿಂದ ಇದಕ್ಕೆ ಹಸಿರು ಗಿಡಕ್ಕಿಂತ ಜಾಸ್ತಿ ಬೆಳಕು ಬೇಕು. ಹಾಗಂತ ಪಶ್ಚಿಮದ ಕಿಟಕಿಗೆ ತಂದಿಟ್ಟೆ, ಒಂದೇ ವಾರದಲ್ಲಿ ಬಿಳಿ ಭಾಗ ಮಾತ್ರ ಸುಟ್ಟು ಕಾಗದದ ಹಾಗೆ ಗರಿಗರಿ ಆಯ್ತು, ಅದೇ ಎಲೆಯ ಹಸಿರು ಭಾಗಕ್ಕೆ ಏನೂ ಆಗಿರ್ಲಿಲ್ಲ! ಈಗ ಪೂರ್ವದ ಕಿಟಕಿ, ಗಾಜಿಂದ ಎರಡು ಅಡಿ ದೂರ, ಬೆಳಗಿನ ಎಳೆ ಬಿಸಿಲು ಸ್ವಲ್ಪ ಹೊತ್ತು ಬೀಳುತ್ತೆ, ಉಳಿದ ದಿನವೆಲ್ಲ ಬರೀ ಬೆಳಕು. ನನಗೆ ಇದಕ್ಕಿಂತ ಒಳ್ಳೆ ಜಾಗ ಸಿಕ್ಕಿಲ್ಲ.

ಇನ್ನು ಎಲ್ಲರನ್ನೂ ಕಾಡೋದು ಬಿಳಿ ಹೋಗಿ ಹಸಿರೇ ಬರೋದು. ನನ್ನ ಗಿಡದಲ್ಲಿ ಒಂದು ಬಳ್ಳಿ ಪೂರ್ತಿ ಹಸಿರು ಎಲೆ ಬಿಡೋಕೆ ಶುರು ಮಾಡ್ತು, ಉಳಿದವಕ್ಕಿಂತ ಎಲೆ ದೊಡ್ಡದು, ಓಟ ಜೋರು, ನೋಡೋಕೂ ಆರೋಗ್ಯವಾಗಿತ್ತು, ಕತ್ತರಿಸೋಕೆ ಮನಸ್ಸೇ ಬರ್ಲಿಲ್ಲ. ಪೂರ್ತಿ ಹಸಿರಿರೋ ಬಳ್ಳಿ ಹೆಚ್ಚು ಆಹಾರ ತಯಾರಿಸುತ್ತೆ, ಬೇಗ ಬೆಳೆಯುತ್ತೆ, ಬಿಟ್ರೆ ಇಡೀ ಪಾಟ್ ಅದರದ್ದೇ ಆಗುತ್ತೆ. ನಾಲ್ಕು ಅಡಿ ಆದ್ಮೇಲೆ ಮನಸ್ಸು ಗಟ್ಟಿ ಮಾಡಿ ಕತ್ತರಿ ಹಾಕ್ದೆ. ಎಲ್ಲಿ ಕತ್ತರಿಸ್ಬೇಕು ಅನ್ನೋದನ್ನ ಎಲೆ ನೋಡಿ ಅಲ್ಲ, ಕಾಂಡ ನೋಡಿ ತೀರ್ಮಾನ ಮಾಡಿ. ಹತ್ರದಿಂದ ನೋಡಿದ್ರೆ ಕಾಂಡದ ಮೇಲೂ ಬಿಳಿ ಗೆರೆ ಹಸಿರು ಗೆರೆ ಉದ್ದುದ್ದ ಓಡಿರುತ್ತೆ, ಗೆಣ್ಣಿನ ಹತ್ರ ಎಲೆ ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಮೊಗ್ಗು ಕೂತಿರುತ್ತೆ, ಅಕ್ಕಿ ಕಾಳಿಗಿಂತ ಚಿಕ್ಕದು. ಆ ಮೊಗ್ಗು ಇರೋ ಜಾಗದಲ್ಲಿ ಎರಡೂ ಬಣ್ಣದ ಗೆರೆ ಸೇರಿದ್ರೆ ಹೊಸ ಚಿಗುರಲ್ಲಿ ಸಾಮಾನ್ಯವಾಗಿ ಎರಡೂ ಬರುತ್ತೆ. ಪೂರ್ತಿ ಹಸಿರಿನ ಮೇಲೆ ಕೂತಿದ್ರೆ ಮತ್ತೆ ಹಸಿರೇ. ಪೂರ್ತಿ ಬಿಳಿ ಮೇಲೆ ಕೂತಿದ್ರೆ ಹಾಲಿನಂಥ ಎಲೆ ಬರುತ್ತೆ, ಎಷ್ಟು ಚೆಂದ ಅಂದ್ರೆ ಕಣ್ಣು ಕೀಳೋಕಾಗಲ್ಲ, ಆದ್ರೆ ಅದನ್ನೇ ಕತ್ತರಿಸಿ ಬೇರೆ ಗಿಡ ಮಾಡೋಕೆ ಹೋಗ್ಬೇಡಿ, ತಾನೇ ಆಹಾರ ಮಾಡ್ಕೊಳ್ಳೋಕಾಗದೆ ಸಾಯುತ್ತೆ. ನಾನು ಎರಡು ಸಲ ಕಳ್ಕೊಂಡೆ. ಹೀಗೆ ಗೆರೆ ಚೆನ್ನಾಗಿದ್ದ ಗೆಣ್ಣಿನಿಂದ ಅರ್ಧ ಇಂಚು ಮೇಲೆ ಕತ್ತರಿಸಿದೆ, ಸುಮಾರು ಒಂದು ತಿಂಗಳಿಗೆ ಹೊಸ ಕುಡಿ ಸುರುಳಿ ಬಿಚ್ಚಿದಾಗ ಎಲೆ ತುಂಬಾ ಬಿಳಿ ಹಸಿರು ಚುಕ್ಕೆ!

ಬಳ್ಳಿ ಇಳಿಬಿಟ್ಟ ಗಿಡದ ಇನ್ನೊಂದು ತೊಂದರೆ ಬುಡ ಬೋಳಾಗೋದು, ಕೆಳಗೆ ಎಲೆ, ಮೇಲೆ ಬರೀ ದಾರ. ನಾನು ಪಾಟನ್ನ ತಾರಸಿಗೆ ತಾಗೋ ಹಾಗೆ ನೇತು ಹಾಕಿದ್ದೆ, ಕಿಟಕಿ ಬೆಳಕು ಮೇಲಿನ ಮಣ್ಣಿಗೆ ತಲುಪ್ತಾನೇ ಇರ್ಲಿಲ್ಲ. ಕಿಟಕಿ ಮಟ್ಟಕ್ಕೆ ಇಳಿಸಿ, ಎರಡು ಉದ್ದ ಬಳ್ಳಿನ ಮಣ್ಣಿನ ಮೇಲೆ ಸುತ್ತಿ, ಪ್ರತಿ ಗೆಣ್ಣು ಮಣ್ಣಿಗೆ ತಾಗೋ ಹಾಗೆ ಹೇರ್‌ಪಿನ್ ಚುಚ್ಚಿದೆ. ಗೆಣ್ಣಲ್ಲಿ ಇರೋ ಕಂದು ಮೊಳೆಯಂಥ ಬೇರು ಮಣ್ಣು ಸೋಕಿದ್ರೆ ಸಾಕು, ಒಳಗಿಳಿಯುತ್ತೆ, ಆಮೇಲೆ ಬುಡದಲ್ಲೇ ಚಿಗುರು. ಇಳಿಬಿಟ್ಟ ಬಳ್ಳಿಯ ಎಲೆ ಚಿಕ್ಕದಾಗೇ ಇರುತ್ತೆ, ಕಂಬಕ್ಕೆ ಹಬ್ಬಿಸಿದ್ರೆ ದೊಡ್ಡದಾಗುತ್ತೆ, ಅದು ಈ ಜಾತಿಯ ಸ್ವಭಾವ, ರೋಗ ಅಂತ ಹೆದರ್ಬೇಡಿ.

ಗೊಬ್ಬರ ಬೆಳೆಯೋ ಕಾಲದಲ್ಲಿ ತಿಂಗಳಿಗೊಮ್ಮೆ, ಪ್ಯಾಕೆಟ್ ಮೇಲೆ ಹೇಳಿದ್ರ ಅರ್ಧ, ಅಷ್ಟೇ. ಹಿಟ್ಟು ತಿಗಣೆ ಅನ್ನೋ ರಸ ಹೀರೋ ಸಣ್ಣ ಬಿಳಿ ಹುಳ ತೊಟ್ಟಿನ ಸಂದಿಯಲ್ಲಿ ಹತ್ತಿ ಥರ ಕೂರುತ್ತೆ, ಬಿಳಿ ಎಲೆಯಲ್ಲಿ ಬೇಗ ಕಾಣಲ್ಲ, ಎಲೆ ಒರೆಸುವಾಗ ಹಿಂದೆನೂ ತಿರುಗಿಸಿ ನೋಡಿ. ಬೆಕ್ಕು, ನಾಯಿ, ಚಿಕ್ಕ ಮಕ್ಕಳು ಇರೋ ಮನೆಯಲ್ಲಿ ಬಳ್ಳಿ ಕೈಗೆ ಬಾಯಿಗೆ ಎಟುಕದ ಹಾಗೆ ಇಡ್ಲೇಬೇಕು, ಇದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು ಇರುತ್ತೆ, ಅಗಿದ್ರೆ ಬಾಯಿ ಗಂಟಲು ಉರಿದು ಊದ್ಕೊಳ್ಳುತ್ತೆ.

ಕತ್ತರಿಸಿದ ಬಳ್ಳಿಯಲ್ಲಿ ಒಳ್ಳೆ ಗೆರೆ ಇದ್ದ ಮೂರು ತುಂಡು ಈಗ ಬಾಟಲಿಯಲ್ಲಿವೆ, ಒಂದೊಂದು ಗೆಣ್ಣು ನೀರಲ್ಲಿ ಮುಳುಗಿದೆ, ನೀರು ವಾರಕ್ಕೊಮ್ಮೆ ಬದಲಾಯಿಸ್ತೀನಿ. ಹದಿನೇಳನೇ ದಿನ ಮೊದಲ ಬಿಳಿ ಬೇರು ಕಾಣ್ತು. ಎರಡು ಇಂಚು ಆಗ್ಲಿ, ತಾಯಿ ಗಿಡದ ಪಾಟ್‌ಗೇ ಬುಡ ತುಂಬೋ ಹಾಗೆ ನೆಡ್ತೀನಿ.